ಹಿಟ್ಟಿನ ರೋಗ

ವೂಚ್ ನಗರದ ಗೂಡ್ಸ್ ಹಳಿಯಾಚೆ
ಸಾಲಾಗಿ ಮುನ್ನೂರು ಕೈತೋಟದ ತುಂಡು.
ನಲವತ್ತೊಂದನೆಯದು ಗೆನೊವೆಫಾಳದು:
ತಗಡಿನ ಗೂಡು, ಮಳೆನೀರಿಗೊಂದು ಹಳೆಯ ಸ್ನಾನದ ತೊಟ್ಟಿ,
ಸೌತೆ ಮೂರು ಸಾಲು,
ಕುಂಬಳ ತನಗೆ ಬೇಕಾದಷ್ಟು.

ಆಗಸ್ಟ್ ಎರಡನೇ ವಾರ. ಹಗಲು ಕಾದ ಹೆಂಚು,
ರಾತ್ರಿ ಹೊದಿಕೆ ಹುಡುಕುವಷ್ಟು ತಂಪು.
ಬೆಳಗ್ಗೆ ನೋಡಿದರೆ ಕುಂಬಳದೆಲೆಯ ಮೇಲೆ
ಎರಡು ಬಿಳಿ ಚುಕ್ಕಿ, ಅಂಗಿಯ ಗುಂಡಿಯಷ್ಟು.
ಹೆಬ್ಬೆರಳಲ್ಲಿ ಒರೆಸಿದಳು. ಹೋಯಿತು.
ಮರುದಿನ ಹನ್ನೊಂದು.

ಅವರ ಭಾಷೆಯಲ್ಲಿ ಈ ರೋಗಕ್ಕೆ ಹಿಟ್ಟಿನ ಹೆಸರು.
ನಾವು ಬೂದಿ ಎನ್ನುತ್ತೇವೆ.
ಉರಿದು ಮುಗಿದದ್ದು ಕಂಡಿತು ನಮಗೆ,
ಅವರಿಗೆ, ಇನ್ನೂ ಬೇಯಬೇಕಾದದ್ದು.

ಮೂವತ್ತೊಂದು ವರ್ಷ ಬೇಕರಿಯ ರಾತ್ರಿಪಾಳಿ.
ರೆಪ್ಪೆಯಲ್ಲಿ ಹಿಟ್ಟು, ಕಿವಿಯ ಸಂದಿಯಲ್ಲಿ ಹಿಟ್ಟು,
ಗಂಡ ಮಲಗುವ ದಿಂಬಿನ ಮೇಲೂ ಹಿಟ್ಟು.
"ಪಿಂಚಣಿ ಬಂದ ಮೇಲೂ ಬಿಡಲಿಲ್ಲವಲ್ಲೋ ನೀನು"
ಎಂದಳು ಎಲೆಗೆ.

ಬೇಲಿಯಾಚೆಯ ವಿಟೋಲ್ಡ್
ಆರು ವರ್ಷದಿಂದ ಮಾತು ಬಿಟ್ಟವನು.
ಕಾರಣ ಒಂದು ಕರ್ರಂಟ್ ಪೊದೆ,
ಬೇರು ಅವನ ಕಡೆ, ಹಣ್ಣು ಇವಳ ಕಡೆ.
ಈಗ ಪೈಪು ಕೆಳಗಿಟ್ಟು ಆಕಾಶಕ್ಕೆ ಹೇಳಿದ:
"ಹಾಲು. ಒಂದು ಲೋಟಕ್ಕೆ ಒಂಬತ್ತು ಲೋಟ ನೀರು.
ಬಿಸಿಲಿರುವಾಗ ಸಿಂಪಡಿಸಬೇಕು."
ಗಾಳಿಗೆ ಬೇಲಿ ಯಾವ ಲೆಕ್ಕ,
ಅವನ ಸೌತೆಯೂ ಬೆಳ್ಳಗಾಗಿತ್ತು.

ಹಾಲು!
ಎಂಬತ್ತೆರಡರ ಚಳಿಗಾಲ, ಬೆಳಗಿನ ಜಾವ ನಾಲ್ಕಕ್ಕೆ ಕ್ಯೂ,
ಕಂಕುಳಲ್ಲಿ ಎರಡು ಖಾಲಿ ಬಾಟಲಿ, ಮನೆಯಲ್ಲಿ ಹಸುಗೂಸು,
ಸರದಿ ಬಂದಾಗ ಅಂಗಡಿಯವಳು
ಅಂಗೈ ಬಿಡಿಸಿ ತೋರಿಸಿದ್ದಳು: ಇಲ್ಲ.
ಅದನ್ನು ಕಂಡವಳು ಇವತ್ತು ಕುಂಬಳಕ್ಕೆ ಹಾಲು ಕುಡಿಸುವುದೆ?
ಮೂರು ದಿನ ಮನಸ್ಸು ಒಪ್ಪಲಿಲ್ಲ.
ಮೂರು ದಿನದಲ್ಲಿ ಒಂದಿಡೀ ಸಾಲು ಬಿಳಿಚಿಕೊಂಡಿತು.

ನಾಲ್ಕನೆಯ ದಿನ ಫ್ರಿಜ್ಜಿನ ಮೂಲೆಯಲ್ಲಿ
ತಾರೀಖು ಮೀರಿದ ಅರ್ಧ ಡಬ್ಬಿ.
"ಮೋರಿಗೆ ಹೋಗುವುದಕ್ಕಿಂತ..." ಎಂದು
ತನಗೆ ತಾನೇ ಲಂಚ ಕೊಟ್ಟು,
ಗಾಜು ಒರೆಸುವ ಬಾಟಲಿಗೆ ಹುಯ್ದಳು.

ಮೊದಲು ಕತ್ತರಿ.
ನೆಲಕ್ಕೊರಗಿದ ಎಲೆ, ಪೂರಾ ಬೆಳ್ಳಗಾದ ಎಲೆ,
ಗೊಬ್ಬರದ ಗುಂಡಿಗಲ್ಲ, ಚೀಲಕ್ಕೆ, ಬಾಯಿ ಬಿಗಿದು.
ಆಮೇಲೆ ಹಾಲು, ಎಲೆಯ ಮೇಲೆ,
ಮಗುಚಿ ಕೆಳಗೆ,
ಮಗುವಿನ ಕಿವಿಯ ಹಿಂದೆ ತೊಳೆಯುವ ಹಾಗೆ.
ಮಧ್ಯಾಹ್ನದ ಹೊತ್ತಿಗೆ ತೋಟವೆಲ್ಲ ಹುಳಿ ವಾಸನೆ.
ಯಾರದೋ ಬೆಕ್ಕು ಬಂದು ಒಂದೆಲೆ ನೆಕ್ಕಿ,
ಯೋಚಿಸಿ,
ಹೊರಟುಹೋಯಿತು.

ಮೊಮ್ಮಗಳು ಇಗಾ, ಕತ್ತರಿಸಿದ ಎಲೆಯ ಹಿಟ್ಟಿನ ಮೇಲೆ
ಬೆರಳಲ್ಲಿ ತನ್ನ ಹೆಸರು ತೀಡುತ್ತ ಕೂತವಳು, ಕೂಗಿದಳು:
"ಅಜ್ಜೀ, ಹಳದಿ ಹುಳ! ಮೈತುಂಬ ಕಪ್ಪು ಚುಕ್ಕಿ!"
ಅಜ್ಜಿ ಬಾಟಲಿ ಎತ್ತಿ ಗುರಿ ಹಿಡಿದಳು.
"ಬೇಡ, ಗೆನ್ಯಾ" ಎಂದ ವಿಟೋಲ್ಡ್,
ಈ ಸಲ ಆಕಾಶಕ್ಕಲ್ಲ.
"ಅದು ಆ ಹಿಟ್ಟನ್ನೇ ತಿಂದು ಬದುಕುವುದು."

ಬಾಟಲಿ ಕೆಳಗಿಳಿಯಿತು.
ಹಿಟ್ಟಿನಲ್ಲಿ ಹೊಟ್ಟೆ ಹೊರೆದವಳು
ಹಿಟ್ಟಿನಲ್ಲಿ ಹೊಟ್ಟೆ ಹೊರೆಯುವುದನ್ನು
ಸ್ವಲ್ಪ ಹೊತ್ತು ಬಗ್ಗಿ ನೋಡಿದಳು.
ಮೂಲೆಯ ಒಂದು ಬಳ್ಳಿಗೆ ಹಾಲು ಹಾಕಲಿಲ್ಲ.

ಗೆದ್ದಳೇ ಎಂದರೆ, ಇಲ್ಲ.
ಹೊಸ ಚಿಗುರು ಹಸಿರಾಗಿಯೇ ಉಳಿಯಿತು,
ಹಳೆಯದು ಸೆಪ್ಟೆಂಬರಿನಲ್ಲಿ ಸುರುಟಿ ಹೋಯಿತು.
ಕುಂಬಳ ನಾಲ್ಕು, ಒಂದು ಮುಷ್ಟಿಯಷ್ಟೇ.
ಉಪ್ಪುನೀರಿಗೆ ಬಿದ್ದ ಸೌತೆ ಹನ್ನೊಂದು ಜಾಡಿ,
ಹೋದ ವರ್ಷ ಹತ್ತೊಂಬತ್ತು.

ಹನ್ನೊಂದರಲ್ಲೊಂದು ಬೇಲಿಯ ಗೂಟದ ಮೇಲೆ
ಒಂದು ರಾತ್ರಿ ಇತ್ತು, ಬೆಳಗ್ಗೆ ಇರಲಿಲ್ಲ.
ಶನಿವಾರ ಅದೇ ಗೂಟದ ಮೇಲೆ
ತೊಳೆದ ಖಾಲಿ ಜಾಡಿ, ಮುಚ್ಚಳ ಸಮೇತ.
ಕರ್ರಂಟಿನ ಮಾತು
ಇಬ್ಬರೂ ಎತ್ತಲಿಲ್ಲ.