ಬಟನ್ ಬ್ಯಾಟರಿ

ನಾರಿನ್ ಊರಿನ ನೋಂದಣಿ ಕಚೇರಿ.
ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ರಾತ್ರಿಯಿಡೀ ಕರೆಂಟಿರಲಿಲ್ಲ;
ಬೆಳಿಗ್ಗೆ ಹೀಟರು ಕೆಮ್ಮುತ್ತಾ ಎದ್ದಿತು, ಕಂಪ್ಯೂಟರೂ ಎದ್ದಿತು,
ಎದ್ದದ್ದೇ ಮುಖ ತಿರುಗಿಸಿತು:
‘ಈ ಸಂಪರ್ಕ ಸುರಕ್ಷಿತವಲ್ಲ.’

ಎದುರಿಗೆ ಕುಬಾನಿಚ್, ದನದ ಡಾಕ್ಟರ ಜೀಪಿನ ಡ್ರೈವರು.
ಟೋಪಿ ತೊಡೆಯ ಮೇಲೆ, ಟೋಪಿಯೊಳಗೆ ಆಸ್ಪತ್ರೆಯ ಚೀಟಿ.
ಮಗಳು ಹುಟ್ಟಿ ಒಂಬತ್ತು ದಿನ,
ಹೆಸರು ಬರೆಸಬೇಕು.

ಮೊದಲು ವೈರು. ಮೇಜಿನಡಿ ಬಗ್ಗಿದೆ.
ಧೂಳಿನಲ್ಲಿ ಹಸಿರು ದೀಪ ಕಣ್ಣು ಮಿಟುಕಿಸುತ್ತಿತ್ತು,
ತನ್ನದೇನೂ ತಪ್ಪಿಲ್ಲವೆಂದು.
ರೌಟರ್ ಆರಿಸಿ, ಮೂವತ್ತು ಎಣಿಸಿ ಹಚ್ಚಿದೆ.
ನಿಜ ಹೇಳಬೇಕೆಂದರೆ ಇಪ್ಪತ್ತೆರಡಕ್ಕೇ.

ಆಮೇಲೆ ಬಿಷ್ಕೆಕ್‌ಗೆ ಫೋನು.
ತೆಮಿರ್ಲಾನ್ ಅಂತ ಒಬ್ಬ ಹುಡುಗ, ಏನೋ ಅಗಿಯುತ್ತಾ:
ಕಪ್ಪು ಕಿಟಕಿ ತೆರೆಯಿರಿ ಅಕ್ಕ, ಪಿಂಗ್ ಅಂತ ಒತ್ತಿ,
ನೂರಿಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು.
ಯಾರ ವಿಳಾಸವಪ್ಪ ಅದು?
ಅದರದ್ದೇ. ತನ್ನನ್ನು ತಾನೇ ಕೂಗಿಕೊಳ್ಳುವುದು.

ಕೂಗಿಕೊಂಡಿತು. ಓ ಅಂದಿತು, ನಾಲ್ಕು ಸಲ.
ರೌಟರನ್ನು ಕೂಗಿತು. ಓ.
ರಾಜಧಾನಿಯನ್ನು ಕೂಗಿತು. ತುಸು ತಡೆದು, ಬೆಟ್ಟದಾಚೆಯ
ಕುರಿಗಾಹಿ ಓಗೊಟ್ಟ ಹಾಗೆ, ಓ.
ಎಲ್ಲರೂ ಓಗೊಡುತ್ತಾರೆ,
ಬಾಗಿಲು ಮಾತ್ರ ಯಾರೂ ತೆಗೆಯುವುದಿಲ್ಲ.

ಕೆಳಗಿನ ಸಣ್ಣ ಅಕ್ಷರ ಓದಿ ಅಂದ. ಓದಿದೆ:
‘ಅವರ ಸರ್ಟಿಫಿಕೇಟು ಇನ್ನೂ ಜಾರಿಗೆ ಬಂದಿಲ್ಲ.’
ಇನ್ನೂ? ಅಗಿಯುವುದು ನಿಂತಿತು.
ಅಕ್ಕ, ಇವತ್ತು ಎಷ್ಟನೇ ತಾರೀಖು?
ಗೋಡೆ ನೋಡಿ ಹೇಳಿದೆ.
ಗೋಡೆಯದಲ್ಲ, ಪರದೆಯ ಮೂಲೆಯದು.

ಕಂಕುಳಲ್ಲಿ ಕೂಸಿಟ್ಟುಕೊಂಡು
ಊರೆಲ್ಲ ಹುಡುಕಿದಂತಾಯಿತು ನನ್ನ ಪಾಡು.
ಬಲಕ್ಕೆ, ಕೆಳಗೆ, ಜೀರಿಗೆ ಕಾಳಿನಷ್ಟು:
ಎರಡು ಸಾವಿರದ ಒಂಬತ್ತು, ಜನವರಿ ಒಂದು.

ಒಳಗೊಂದು ಬಟನ್ ಬ್ಯಾಟರಿ ಸತ್ತಿದೆ, ಅಷ್ಟೇ.
ಕರೆಂಟು ಹೋದಾಗ ಹೊತ್ತನ್ನು ಹಿಡಿದುಕೊಂಡಿರುವುದು ಅದರ ಕೆಲಸ.
ಕೈಬಿಟ್ಟಿದೆ.
ಗಡಿಯಾರ ಸರಿಮಾಡಿ, ಅಂದು ಫೋನಿಟ್ಟ.

ಬಾಣದ ಮೊನೆ ತಾರೀಖಿನ ಮೇಲೆ ಹೋಗಿ ನಿಂತಿತು.
ಈ ಯಂತ್ರದ ಲೆಕ್ಕದಲ್ಲಿ
ಕುಬಾನಿಚ್‌ಗೆ ಮಗಳಿರಲಿ, ಮೀಸೆಯೇ ಬಂದಿಲ್ಲ.
ಈ ಕುರ್ಚಿ ಸೈರಾ ಅಕ್ಕನದು,
ಡ್ರಾಯರಿನಲ್ಲಿ ಅವಳ ಒಣ ಏಪ್ರಿಕಾಟು, ಅವಳ ಕನ್ನಡಕ.
ಬೆನ್ನ ಹಿಂದಿನ ಕಪಾಟಿನಲ್ಲಿ ನಾನು ಬರೆದ ಸಾವುಗಳು,
ದಪ್ಪ ರಟ್ಟಿನ ಏಳು ಪುಸ್ತಕ.
ಒಂದೂ ಇನ್ನೂ ಆಗಿಲ್ಲ.
ನಾಲ್ಕನೆಯದರಲ್ಲಿ ಒಂದು ಸಾಲನ್ನು
ಬೇರೆಯವರ ಕೈಲಿ ಬರೆಸಿದ್ದೆ.
ಆ ಸಾಲೂ ಆಗಿಲ್ಲ.

ಕುಬಾನಿಚ್ ಟೋಪಿ ತಿರುಗಿಸಿದ. ಕೆಮ್ಮಿದ.

ಒತ್ತಿದೆ. ಒಂದೊಂದು ಒತ್ತಿಗೆ ಒಂದೊಂದು ವರ್ಷ.
ಹತ್ತೊಂಬತ್ತರ ಹತ್ತಿರ ಬೆರಳು ಕೊಂಚ ನಿಂತಿತು,
ಮತ್ತೆ ಹೊರಟಿತು.
ಪುಟ ತೆರೆಯಿತು, ಏನೂ ನಡೆದೇ ಇಲ್ಲವೆಂಬಂತೆ:
ಮಗುವಿನ ಹೆಸರು?
ಅಯ್‌ಜಾರ್ಕಿನ್, ಅಂದ. ಬಿಡಿಸಿ ಬಿಡಿಸಿ ಇನ್ನೊಮ್ಮೆ ಅಂದ,
ನನಗೆ ಕಿವಿ ಮಂದವೇನೋ ಎಂಬಂತೆ.

ಇವತ್ತು ರಾತ್ರಿಯೂ ಕರೆಂಟು ಹೋಗುತ್ತದೆ,
ನಾಳೆ ಇದು ಮತ್ತೆ ಒಂಬತ್ತಕ್ಕೇ ಓಡುತ್ತದೆ, ಅಂದೆ, ಸುಮ್ಮನೆ.
ಅವನು ಜೀಪಿನ ಕೀಲಿ ತೆಗೆದ,
ರಿಮೋಟಿನ ಹೊಟ್ಟೆಯನ್ನು ಉಗುರಿನಿಂದ ಬಿಚ್ಚಿ
ನಾಣ್ಯದಗಲದ್ದೊಂದನ್ನು ಮೇಜಿನ ಮೇಲಿಟ್ಟ.
ಇದಾಗುತ್ತಾ ನೋಡಿ.
ಎರಡರ ಬೆನ್ನ ಮೇಲೂ ಒಂದೇ ಸಂಖ್ಯೆ.

ಕಿಟಕಿಯಿಂದ ಕಂಡ ಹಾಗೆ:
ಕಂಕುಳಲ್ಲಿ ಟೋಪಿ, ಟೋಪಿಯೊಳಗೆ ಮಗಳ ಹೆಸರು,
ಬರಿಗೂದಲ ಮೇಲೆ ಹಿಮ.
ಕೀಲಿ ಹೋಗದ ಜೀಪಿನ ಬೀಗಕ್ಕೆ
ಬಾಯಿ ಹಚ್ಚಿ ಉಸಿರೂದುತ್ತಿದ್ದಾನೆ.
ಒಮ್ಮೆ. ಇನ್ನೊಮ್ಮೆ.