ಎರಡು ಮೀಟರಿನ ಮೇಲೆ ಏಳು

ನಾನು ಸೇತುವೆ ಎತ್ತುವವನು.
ಫ್ರೀಸ್‌ಲಂಡಿನ ಈ ಕಾಲುವೆಯಲ್ಲಿ
ಎತ್ತರದ ಪಟಸ್ತಂಭ ಬಂತೆಂದರೆ ಗುಂಡಿ ಒತ್ತುತ್ತೇನೆ;
ಕಾರು ಲಾರಿ ಎಲ್ಲ ಕಾಯುತ್ತ ನಿಂತಿರಲು
ಟಾರು ರಸ್ತೆಯೇ ಎದ್ದು ಮುಗಿಲಿಗೆ ಮುಖ ಮಾಡುತ್ತದೆ.
ದಾರಕ್ಕೆ ಕಟ್ಟಿದ ಮರದ ಬೂಟು ಇಳಿಬಿಟ್ಟು
ಸುಂಕದ ನಾಣ್ಯ ಹಿಡಿಯುತ್ತೇನೆ.
ಎತ್ತರವಾದದ್ದಕ್ಕೆ ದಾರಿ ಬಿಡುವುದೇ
ನನ್ನ ಸಂಬಳದ ಕೆಲಸ.

ನನಗೆ ಮಾತ್ರ
ಯಾರೂ ಏನನ್ನೂ ಎತ್ತಿದ್ದಿಲ್ಲ.

ಈಜಿಗೆ ತೊಂದರೆಯಿಲ್ಲ, ನೀರು ಅಳತೆ ಕೇಳುವುದಿಲ್ಲ.
ಓಟದ ಬೂಟು ಐವತ್ತೊಂದು, ಹೇಳಿದರೆ ತರಿಸಿಕೊಡುತ್ತಾರೆ.
ನಡುವಿನದೇ ತಕರಾರು: ಸೈಕಲ್ಲು.

ಸ್ನೇಕ್ ಪೇಟೆಯ ಅಂಗಡಿಯವನು
ಕಪ್ಪು ಹಂಸದಂಥ ಕಾರ್ಬನ್ ಬೈಕು ತಂದು
"ಇದಕ್ಕಿಂತ ದೊಡ್ಡದು ಕಂಪನಿ ಮಾಡೋದಿಲ್ಲ" ಎಂದ.
ಹತ್ತಿದೆ. ಕನ್ನಡಿಯಲ್ಲಿ ಸರ್ಕಸ್ಸಿನ ಕರಡಿ.
ಸೀಟಿನ ಕಂಬವನ್ನು ಮಿತಿಯ ಗೆರೆ ದಾಟಿಸಿ ಎಳೆದೆವು.
ಹ್ಯಾಂಡಲಿನ ಕೆಳಗೆ ಬಿಲ್ಲೆ ಮೇಲೆ ಬಿಲ್ಲೆ ಪೇರಿಸಿದೆವು.
ಸಮುದ್ರದ ಒಡ್ಡಿನ ಮೇಲೆ ಅಡ್ಡಗಾಳಿಗೆ
ಹ್ಯಾಂಡಲು ನಡುಗಿತು, ಹಲ್ಲು ನಡುಗಿತು,
ಕುರಿಗಳು ಮೇವು ಬಿಟ್ಟು ನೋಡಿದವು.
ಮುಂದೋಳು ಮೆತ್ತೆಗೆ ಊರಿ ಬಗ್ಗಿದರೆ
ಮಂಡಿ ಎದೆಗೆ ಗುದ್ದಿ ಗುದ್ದಿ
ಪ್ರತಿ ಸುತ್ತಿಗೂ ಉಸಿರು ಬೇಡಿ ಪಡೆಯಬೇಕು.
ತೊಂಬತ್ತು ಕಿಲೋಮೀಟರು, ಹೀಗೆ!

ಹಾಸಿಗೆ ಇದ್ದಷ್ಟು ಕಾಲು ಚಾಚು
ಅನ್ನುತ್ತಾರೆ ಬಲ್ಲವರು.
ಬಲ್ಲವರೆಲ್ಲ ಕುಳ್ಳರೇ ಇರಬೇಕು.

ಫೆಬ್ರವರಿಯಲ್ಲಿ, ಸ್ತಾವೊರೆನ್ನಿನ ಬೇಕರಿಯಲ್ಲೊಂದು ಚೀಟಿ:
"ಟ್ರಯಥ್ಲಾನ್ ಸೈಕಲ್. ಬಹಳ ಉದ್ದದವರಿಗೆ ಮಾತ್ರ.
ಸುಮ್ಮನೆ ನೋಡಲು ಬರಬೇಡಿ."

ಬಾಗಿಲು ತೆರೆದವಳು ಔಕ್ಯೆ, ನನ್ನ ಮೊಣಕೈ ಎತ್ತರ.
ಎಲ್ಲರ ನೋಟ ಮೊದಲು ನನ್ನ ಎದೆಗೆ ತಾಗಿ
ಆಮೇಲೆ ಮೆಟ್ಟಿಲು ಹತ್ತುತ್ತದೆ.
ಅವಳದು ರೂಢಿಯಿದ್ದ ನೋಟ,
ನೇರ ನನ್ನ ಕಣ್ಣಿದ್ದಲ್ಲಿಗೇ ಬಂತು.
"ತಲೆ ಜೋಪಾನ" ಅನ್ನಲಿಲ್ಲ.
ಆ ಬಾಗಿಲ ಮೇಲ್ಪಟ್ಟಿಯನ್ನು
ಯಾರೋ ಯಾವತ್ತೋ ಏರಿಸಿದ್ದರು.

ಗ್ಯಾರೇಜಿನಲ್ಲಿ ಗೋಡೆಗೊರಗಿ ನಿಂತಿತ್ತು.
ದೋಣಿಯ ಕಟಕಟೆ ಬೆಸೆಯುವವನೊಬ್ಬ ಬೆಸೆದದ್ದಂತೆ:
ಬೂದುಬಣ್ಣದ ಟೈಟಾನಿಯಂ, ಒರಟು ಬೆಸುಗೆ,
ಎಲ್ಲೂ ಕಾಣದಷ್ಟು ಉದ್ದದ ಪೆಡಲ್ ತೋಳು,
ಸೀಟಿನ ಕಂಬಕ್ಕೆ ಒಂದು ಸುತ್ತು ಕೆಂಪು ಟೇಪು,
ರಿನ್ಸೆ ಹಾಕಿದ ಗುರುತು.

ಏರಿ ಕೂತೆ.
ಎಳೆಯಲಿಲ್ಲ, ಇಳಿಸಲಿಲ್ಲ.
ಕಾಲು ಇಳಿದಲ್ಲಿ ಪೆಡಲು ಇತ್ತು.
ಮೊಣಕೈ ಬಿದ್ದಲ್ಲಿ ಮೆತ್ತೆ.
ಎದೆಗೂ ಮಂಡಿಗೂ ನಡುವೆ
ಒಂದು ಇಡೀ ಉಸಿರಿಗೆ ಜಾಗ.

ಹಾಗಾದರೆ ನನ್ನಷ್ಟೇ ಒಬ್ಬ ಇದ್ದ,
ಇಪ್ಪತ್ತೈದು ಕಿಲೋಮೀಟರಿನಾಚೆ,
ಕಂಡವರ ಮನೆಯ ದೀಪಗಳಿಗೆ ಹಣೆ ಬಡಿಸಿಕೊಳ್ಳುತ್ತ.
ಅವನ ದೋಣಿ ನನ್ನ ಸೇತುವೆ ದಾಟಿರಬಹುದು;
ದಾಟಿದ್ದರೆ ಕೂತೇ ದಾಟಿದ್ದಾನೆ,
ಇಲ್ಲವಾದರೆ ಗೊತ್ತಾಗುತ್ತಿತ್ತು.

ಒಂದೇ ವ್ಯತ್ಯಾಸ. ನನ್ನ ತೋಳು ಎರಡು ಬೆರಳು ಹೆಚ್ಚು;
ಹಿಡಿ ಮುಗಿದ ಮೇಲೂ ಕೈ ಉಳಿಯಿತು.
"ಅವನದು ಮೋಟು ಕೈ," ಎಂದು ನಕ್ಕಳು ಔಕ್ಯೆ,
ನಗು ಅರ್ಧಕ್ಕೆ ಬಿಟ್ಟಳು.

ಬೆಲೆ ಕೇಳಿದರೆ, "ಮೊದಲು ಅಡುಗೆಮನೆಗೆ ಬಾ."
ಸೂರಿಗೆ ತಾಗುವಷ್ಟು ಮೇಲೆ ಗಡಿಯಾರ.
ಅಕ್ಟೋಬರಿನಲ್ಲಿ ದೇಶವೆಲ್ಲ ಒಂದು ಗಂಟೆ ಹಿಂದೆ ಸರಿದಾಗ
ಇದೊಂದು ಸರಿದಿರಲಿಲ್ಲ.
ನಾಲ್ಕು ತಿಂಗಳಿಂದ ಆ ಮನೆಯಲ್ಲಿ
ಬೇಸಿಗೆಯ ಹೊತ್ತು.

"ಏಣಿ ಇದೆ," ಅಂದಳು. "ಏಣಿ ಇಲ್ಲದ್ದಕ್ಕಲ್ಲ."

ಕುರ್ಚಿ ಬೇಕಾಗಲಿಲ್ಲ. ಕೈ ಚಾಚಿ
ಮುಳ್ಳಿನ ಮೇಲೆ ಬೆರಳಿಟ್ಟು ಕೇಳಿದೆ: ತಿರುಗಿಸಲೇ?

ಅವಳು ಒಲೆಯ ಮೇಲಿನ ಕಾಫಿ ನೋಡುತ್ತಿದ್ದಳು.
"ಧೂಳು ಒರೆಸು, ಸಾಕು.
ಮಾರ್ಚಿ ಕೊನೆಗೆ ಹೇಗೂ
ನೀವೆಲ್ಲ ಇಲ್ಲಿಗೇ ಬರುತ್ತೀರಲ್ಲ."