ತೊಂದರೆ ಎಂಬ ಕಾಲಂ

ಈ ರಿಜಿಸ್ಟರಿನಲ್ಲಿ ಐದೇ ಕಾಲಂ:
ತಾರೀಕು, ಹೆಸರು, ತರಗತಿ, ತೊಂದರೆ, ಕೊಟ್ಟಿದ್ದು.
ಗೆರೆ ನಾನೇ ಎಳೆದದ್ದು, ಫುಟ್ಟುಪಟ್ಟಿ ಇಟ್ಟು,
ಸಿಕ್ ರೂಮಿನ ಬೀಗದಕೈ ನನ್ನ ಸೊಂಟಕ್ಕೆ ಬಂದ ವರ್ಷ.

ಸೋಮವಾರ ಗಣಿತ, ಹೊಟ್ಟೆನೋವು.
ಗುರುವಾರ ಮತ್ತೆ ಗಣಿತ, ಹೊಟ್ಟೆನೋವು.
ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ಬೀಳಬೇಕಾದ ದಿನ
ಒಂದೇ ಮಂಚದಲ್ಲಿ ಮೂವರು, ಮೂವರಿಗೂ ಹೊಟ್ಟೆನೋವು.
ಈ ಶಾಲೆಯ ಹೆಣ್ಣುಮಕ್ಕಳಿಗೆ ಬೇರೆ ಅಂಗವೇ ಇಲ್ಲವೇನೋ.
ಎದೆ ಎಂದರೆ ಆಸ್ಪತ್ರೆಗೆ ಓಡಿಸುತ್ತಾರೆ,
ತಲೆ ಎಂದರೆ ಕನ್ನಡಕ ಹಾಕಿಸುತ್ತಾರೆ,
ಹೊಟ್ಟೆ ಎಂದರೆ
ಜೋಜಮ್ಮ ಓಮದ ನೀರು ಕೊಡುತ್ತಾಳೆ,
ಶೂ ಬಿಚ್ಚಿ ಮಲಕ್ಕೋ ಅನ್ನುತ್ತಾಳೆ.
ಮಕ್ಕಳು ಜಾಣರು.

ಕಿಟಕಿಯಾಚೆ, ಗೇಟಿಗೆ ಕಟ್ಟಿದ ಬ್ಯಾನರಿನ ಬೆನ್ನು.
ರಸ್ತೆಯ ಕಡೆ ನಗುವ ಮುಖಗಳು, ಶೇಕಡಾ ನೂರು, ದೇವರಿಗೆ ಸ್ತೋತ್ರ.
ನನ್ನ ಕಡೆ ಬರೀ ಬಿಳಿ,
ಗಾಳಿ ಹಾಯಲೆಂದು ಕೊಯ್ದ ಅರ್ಧಚಂದ್ರಗಳು.
ಬಿಸಿಲೇರಿದರೆ ಮಾತ್ರ ಮುಖಗಳು ಈಚೆ ತೇಲುತ್ತವೆ,
ಅಂಕಿಗಳು ತಿರುಗುಮುರುಗು.
ಮೊದಲ ಸಾಲಿನ ತುದಿಯವಳು ಜೆಸಿಂತಾ,
ಹತ್ತು ಬಿ, ತೊಂಬತ್ತೆಂಟು ಪಾಯಿಂಟ್ ಏನೋ.
ಹೋದ ವರ್ಷದ ರಿಜಿಸ್ಟರಿನಲ್ಲಿ ಹತ್ತೊಂಬತ್ತು ಸಲ ಇದ್ದಾಳೆ.
ಆ ಅಂಕಿಗೆ ಯಾರೂ ಫ್ಲೆಕ್ಸ್ ಹೊಡೆಸಲಿಲ್ಲ.

ಅವಳಪ್ಪ ಇನ್ನಾಸಪ್ಪ ಕಲ್ಪಳ್ಳಿಯಲ್ಲಿ ಗೋರಿಕಲ್ಲು ಕೆತ್ತುವವನು.
ಇಂಗ್ಲಿಷ್ ಓದಲು ಬಾರದೆ
ಮೂವತ್ತು ವರ್ಷ ಇಂಗ್ಲಿಷ್ ಕೆತ್ತಿದ ಕೈ.
ಒಂದಕ್ಷರ ತಪ್ಪಿದರೆ ಇಡೀ ಕಲ್ಲು ದಂಡ ಮಗಾ, ಅನ್ನುತ್ತಿದ್ದನಂತೆ
ರಾತ್ರಿ ಊಟಕ್ಕೆ ಕೂತಾಗ,
ಬೈದದ್ದಲ್ಲ, ಕಸುಬಿನ ಮಾತು.
ಅವಳು ಅದನ್ನು ಪರೀಕ್ಷೆಗೂ ಒಯ್ದಳು, ಪಾಪನಿವೇದನೆಗೂ ಒಯ್ದಳು,
ಎರಡು ಜಡೆಯ ಬೈತಲೆ ತೆಗೆಯುವಾಗಲೂ.

ಹದಿನೇಳನೆಯ ಸಲ ಬಂದಾಗ
ನಾನೇ ಬರೀತೀನಿ ಆಂಟಿ ಎಂದು ಪೆನ್ನು ಇಸಕೊಂಡಳು.
ತೊಂದರೆ ಎಂಬಲ್ಲಿ ಏನೋ ಬರೆದಳು,
ಹೊಡೆದು ಹಾಕಿದಳು,
ಪಕ್ಕದಲ್ಲಿ ಹೊಟ್ಟೆನೋವು ಎಂದು ಬರೆದಳು, ಒತ್ತಿ ಒತ್ತಿ, ಅಪ್ಪನ ಮಗಳು.
ಹಾಳೆಯ ಹಿಂದೆ ಬೆರಳಾಡಿಸಿದರೆ ಇವತ್ತಿಗೂ ತಗಲುತ್ತದೆ.
ಹೊಡೆದು ಹಾಕಿದ್ದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ದೇನೆ.
'ಹೆ' ಒಂದು ಕಾಣುತ್ತದೆ.
ಹೆದರಿಕೆಯೋ, ಹೆಸರೋ, ಹೆಚ್ಚಾಯಿತು ಎಂಬುದೋ.

ಆಗಸ್ಟಿನಲ್ಲಿ ಯೋಗಕ್ಷೇಮ ಸಪ್ತಾಹ ಮಾಡಿದರು.
ಭೂಪಟಗಳ ಕೋಣೆ ಗುಡಿಸಿ ಕೌನ್ಸೆಲರಿಗೆ ಕೊಟ್ಟರು, ಮಂಗಳವಾರ ಮಾತ್ರ.
'ಒತ್ತಡವಿಲ್ಲದ ಬದುಕು', ಪ್ರಬಂಧ ಸ್ಪರ್ಧೆ, ಮೂರು ಬಹುಮಾನ.
ಫಲಿತಾಂಶ ಹಚ್ಚಿದ ಮಧ್ಯಾಹ್ನ
ಬಹುಮಾನ ಬಾರದ ಇಬ್ಬರು ನನ್ನ ಬಾಗಿಲಲ್ಲಿ,
ಹೊಟ್ಟೆ ಹಿಡಕೊಂಡು.

ನಕ್ಕೆ ಅಂದುಕೊಳ್ಳಬೇಡಿ.
ಅದೇ ವಾರ ಕೊನೆಯ ಬೆಲ್ಲಾದ ಮೇಲೆ
ಪ್ರಿನ್ಸಿಪಾಲ್ ಸಿಸ್ಟರ್ ಲುದ್ವಿನಾ ಬಂದರು, ಕೈಯಲ್ಲಿ ಫೈಲು.
ಪಕ್ಕದ ಕಾನ್ವೆಂಟಿಗೆ ನಮಗಿಂತ ಎರಡು ಡಿಸ್ಟಿಂಕ್ಷನ್ ಹೆಚ್ಚಂತೆ,
ಮೀಟಿಂಗಿನಲ್ಲಿ ಕೇಳಿದರಂತೆ ಯಾಕೆ ಎಂದು.
ಕನ್ನಡಕ ತೆಗೆದಿಟ್ಟು ಮಂಚದ ತುದಿಗೆ ಕೂತರು.
ಓಮದ ನೀರಿದೆಯಾ ಜೋಜಮ್ಮ?
ನಾನು ಪರದೆ ಎಳೆದೆ.
ಈಸ್ಟ್ ಸ್ಟೇಷನ್ ಕಡೆಯ ರೈಲೊಂದು ಗೋಡೆಯನ್ನು ಸ್ವಲ್ಪ ಅಲುಗಿಸಿ ಹೋಯಿತು.
ತಾರೀಕು ಬರೆದೆ, ಹೆಸರು ಬರೆದೆ,
ತರಗತಿ ಎಂಬಲ್ಲಿ ಅಡ್ಡಗೆರೆ.

ಮಾರನೆಯ ದಿನ ಪ್ರಾರ್ಥನೆಗೂ ಮೊದಲು
ಎಂಟನೇ ಕ್ಲಾಸಿನ ಒಂದು ಹುಡುಗಿ ಹೊಸ್ತಿಲಲ್ಲಿ,
ರಿಬ್ಬನ್ನು ಒಂದು ಕಡೆ ಸಡಿಲ.
ಹೊಟ್ಟೆಯಾ? ಅಂದೆ.
ಇಲ್ಲ ಆಂಟಿ. ಕಾಲುಬೆರಳು ನೋಡಿದಳು. ಸುಮ್ನೆ ಬಂದೆ.

ತೊಂದರೆ: ಸುಮ್ಮನೆ.
ಕೊಟ್ಟಿದ್ದು: ಕಿಟಕಿ ಪಕ್ಕದ ಮಂಚ, ಒಂದು ಪೀರಿಯಡ್ಡು.